ಬೇರೆ ಬೇರೆ ಜಾತಿಯ ಜಿರಳೆಗಳಿಗೆ ಬೇರೆ ಬೇರೆ ಡಬ್ಬಗಳೇ ಇರಲಿ

ಬಿಯರ್ಡೆಡ್ ಡ್ರ್ಯಾಗನ್, ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಗಳನ್ನು ಸಾಕುತ್ತಾ ಅವುಗಳ ಆಹಾರಕ್ಕೆಂದು ಮನೆಯಲ್ಲೇ ಜಿರಳೆ ಬೆಳೆಸುವ ಅಮೆರಿಕದ ಗೆಳೆಯರು, ಡೂಬಿಯಾ ಮತ್ತು ರೆಡ್ ರನ್ನರ್ ಜಿರಳೆಗಳನ್ನು ಒಂದೇ ಡಬ್ಬದಲ್ಲಿ ಬಿಡಬಹುದೇ ಎಂದು ಮೇಲಿಂದ ಮೇಲೆ ಕೇಳುತ್ತಾರೆ. ಅವು ಕಚ್ಚಾಡುವುದಿಲ್ಲ, ಬಿಡಬಹುದು ಎಂದು ಯಾರಾದರೂ ಹೇಳಿಬಿಡುತ್ತಾರೆ. ಅವು ಕಚ್ಚಾಡುವುದು ಅಪರೂಪ ಎಂಬುದು ನಿಜ. ಆದರೂ ಮರಿ ಮಾಡಿಸುವ ಉದ್ದೇಶವಿದ್ದರೆ ಒಟ್ಟಿಗೆ ಇಡಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಈ ಎರಡು ಜಾತಿಗಳು ವಂಶ ಬೆಳೆಸುವ ರೀತಿಯೇ ಬೇರೆ. ದಕ್ಷಿಣ ಅಮೆರಿಕ ಮೂಲದ ಡೂಬಿಯಾ ಹೆಣ್ಣು ಮೊಟ್ಟೆಗಳನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು, ಒಂದು ಸಲಕ್ಕೆ 20ರಿಂದ 30 ಜೀವಂತ ಮರಿಗಳನ್ನು ಹಾಕುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೂ ಆ ಮರಿಗಳು ಬಲಿಯಲು ತಿಂಗಳುಗಳೇ ಬೇಕು. ಮಧ್ಯ ಏಷ್ಯಾ ಮತ್ತು ಮಧ್ಯಪ್ರಾಚ್ಯದ ಕಡೆಯ ರೆಡ್ ರನ್ನರ್, ಅಂದರೆ ತುರ್ಕಿಸ್ತಾನದ ಜಿರಳೆ, ಮೊಟ್ಟೆಗಳು ತುಂಬಿದ ಗಟ್ಟಿ ಕೋಶಗಳನ್ನು ಒಂದರ ಹಿಂದೊಂದರಂತೆ ಉದುರಿಸುತ್ತಾ ಹೋಗುತ್ತದೆ. ಡೂಬಿಯಾ ಡಬ್ಬವನ್ನು ಒಣಗಿದಂತೆ ಇಟ್ಟು, ಆಗಾಗ ಹಿಕ್ಕೆಯನ್ನು ಜರಡಿ ಹಿಡಿದು ಚೆಲ್ಲುವುದು ನಮ್ಮ ರೂಢಿ. ಅದೇ ಡಬ್ಬದಲ್ಲಿ ರೆಡ್ ರನ್ನರ್ ಇದ್ದರೆ, ಅದರ ಮೊಟ್ಟೆಕೋಶಗಳು ಒಂದೋ ತೇವವಿಲ್ಲದೆ ಒಣಗುತ್ತವೆ, ಇಲ್ಲವೇ ಹಿಕ್ಕೆಯ ಜೊತೆ ಕಸಕ್ಕೆ ಹೋಗುತ್ತವೆ. ಅವುಗಳಿಗಾಗಿ ತೇವ ಹೆಚ್ಚಿಸಿದರೆ, ಡೂಬಿಯಾ ಹಿಕ್ಕೆ ರಾಶಿ ಬಿದ್ದ ಕಡೆ ಬೂಷ್ಟು ಮತ್ತು ನುಸಿ ಶುರುವಾಗುತ್ತವೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಕೇಡಾಗುವ ಇಂಥ ಡಬ್ಬವನ್ನು ಯಾರೇ ಆಗಲಿ ಚೆನ್ನಾಗಿ ನೋಡಿಕೊಳ್ಳುವುದು ಹೇಗೆ?

ಪೈಪೋಟಿಯ ಮಾತನ್ನೂ ಹಗುರವಾಗಿ ಕಾಣಬಾರದು. ಅಮೆರಿಕದಲ್ಲಿ ಮೊದಲು 1978ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಪ್ ಬಳಿಯ ಸೇನಾ ಉಗ್ರಾಣವೊಂದರಲ್ಲಿ ಕಂಡುಬಂದ ಈ ತುರ್ಕಿಸ್ತಾನದ ಜಿರಳೆ, ಬೇಗ ಬಲಿಯುವ ಮತ್ತು ಹೆಚ್ಚು ಮೊಟ್ಟೆಯಿಡುವ ಗುಣದಿಂದಲೇ ಅಮೆರಿಕದ ನೈಋತ್ಯ ಭಾಗದ ಎಷ್ಟೋ ಕಡೆ, ಮೊದಲೇ ನೆಲೆಸಿದ್ದ ಓರಿಯೆಂಟಲ್ ಜಿರಳೆಯನ್ನು ಹಿಂದಕ್ಕೆ ತಳ್ಳಿದೆ. ಬಯಲಿನಲ್ಲೇ ಹೀಗಾದರೆ, ಅಡಗಲೆಂದು ಇಡುವ ಕೋಳಿಮೊಟ್ಟೆಯ ರಟ್ಟಿನ ಟ್ರೇಗಳ ಸಂದಿ, ಆಹಾರದ ತಟ್ಟೆ, ಬಿಸಿಯ ಮೂಲೆ ಎಲ್ಲವೂ ಒಂದೊಂದೇ ಇರುವ ಡಬ್ಬದಲ್ಲಿ ನಿಧಾನಗತಿಯ ಡೂಬಿಯಾ ಹಿಂದೆ ಬೀಳುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ನುಣುಪಾದ ಗೋಡೆಯನ್ನು ಸಲೀಸಾಗಿ ಹತ್ತುವ ಲಾಬ್‌ಸ್ಟರ್ ಜಿರಳೆಯನ್ನು ಸೇರಿಸಿದರಂತೂ, ಹತ್ತಲಾರದ ಡೂಬಿಯಾಗೆಂದು ಆರಿಸಿದ ಡಬ್ಬವೇ ಕೆಲಸಕ್ಕೆ ಬಾರದು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹತ್ತಿರದ ಬಂಧುಗಳ ಬೆರಕೆ. ಮಡಗಾಸ್ಕರ್‌ನ ಹಿಸ್ಸಿಂಗ್ ಜಿರಳೆಯೂ ಅದರ ಸಮೀಪದ ಜಾತಿಗಳೂ ಒಂದರೊಡನೊಂದು ಕೂಡಿ ಮರಿ ಮಾಡುತ್ತವೆ; ಹೀಗಾಗಿಯೇ ಇಂದು ಸಾಕುವವರ ಕೈಯಿಂದ ಕೈಗೆ ಹೋಗುತ್ತಿರುವ ಅನೇಕ ಹಿಸ್ಸಿಂಗ್ ಗುಂಪುಗಳು ಶುದ್ಧ ತಳಿಯವೆಂದು ಯಾರೂ ಖಚಿತವಾಗಿ ಹೇಳಲಾರರು. ಒಮ್ಮೆ ಬೆರೆತ ತಳಿಯನ್ನು ಮತ್ತೆ ಬಿಡಿಸಲಾಗದು. ಡೂಬಿಯಾ ಮತ್ತು ಆಹಾರಕ್ಕೆಂದೇ ಬೆಳೆಸುವ ಇನ್ನೊಂದು ಜಿರಳೆಯಾದ ಡಿಸ್ಕಾಯ್ಡ್ ನಡುವೆ ಆ ಭಯವಿಲ್ಲದಿದ್ದರೂ, ಎಳೆಯ ಮರಿಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಡೂಬಿಯಾ ಸಾಕುವುದಕ್ಕೆ ಅನುಮತಿಯಿಲ್ಲದ ಫ್ಲಾರಿಡಾದಲ್ಲಿ ಡಿಸ್ಕಾಯ್ಡನ್ನೇ ನಂಬಿಕೊಂಡಿರುವವರಿಗೆ ಬೆರಕೆ ಡಬ್ಬದ ಮರಿಗಳನ್ನು ಕೊಟ್ಟರೆ ಅವರನ್ನು ಕಾನೂನಿನ ತೊಡಕಿಗೆ ಸಿಲುಕಿಸಿದಂತೆಯೇ ಸರಿ.

ಅಂಗಡಿಯಿಂದ ತಂದು ಕೆಲವೇ ದಿನಗಳಲ್ಲಿ ತಿನ್ನಿಸಿ ಮುಗಿಸುವ ಜಿರಳೆಗಳನ್ನು ಒಟ್ಟಿಗೆ ಇಟ್ಟರೆ ನನ್ನ ತಕರಾರಿಲ್ಲ, ಏಕೆಂದರೆ ಅಲ್ಲಿ ಸಂತಾನದ ಪ್ರಶ್ನೆಯೇ ಬರುವುದಿಲ್ಲ. ಎರಡು ಜಾತಿಗಳನ್ನು ಬೆಳೆಸಲೇಬೇಕೆನ್ನುವವರು ಮುಚ್ಚಳವಿರುವ ಇನ್ನೊಂದು ಪ್ಲಾಸ್ಟಿಕ್ ಡಬ್ಬವನ್ನೂ ಇನ್ನೊಂದು ಜರಡಿಯನ್ನೂ ಕೊಳ್ಳಲಿ, ಪ್ರತಿ ಡಬ್ಬದ ಮೇಲೂ ಜಾತಿಯ ಹೆಸರನ್ನು ಬರೆದು ಅಂಟಿಸಲಿ. ಮೊಟ್ಟೆ ಟ್ರೇಗಳನ್ನು ಮಾತ್ರ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಾರದು. ಅವುಗಳ ಸಂದಿಯಲ್ಲಿ ಮೊಟ್ಟೆಕೋಶಗಳೂ ಎಳೆ ಮರಿಗಳೂ ಕಣ್ಣಿಗೆ ಬೀಳದೆ ಉಳಿದಿರುತ್ತವೆ.