ಕೇಸ್ ಗೆದ್ದರೆ ಖರ್ಚೆಲ್ಲ ವಾಪಸ್ ಬರುತ್ತಾ? ಒಂದು ಸ್ಪಷ್ಟನೆ

“ಸಿವಿಲ್ ಕೇಸ್ ಗೆದ್ದರೆ ನಿಮ್ಮ ವಕೀಲರ ಫೀಸು ಪೂರ್ತಿ ಸೋತವರೇ ಕೊಡಬೇಕು, ಧೈರ್ಯವಾಗಿ ದಾವೆ ಹಾಕಿ” ಎಂಬ ಸಂದೇಶ ಎಲ್ಲೆಡೆ ಫಾರ್ವರ್ಡ್ ಆಗುತ್ತಿದೆ. ಇದು ಅರ್ಧ ನಿಜ ಅಷ್ಟೇ.

ಭಾರತದಲ್ಲಿ ಖರ್ಚಿನ ವಿಷಯ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಲ್ಲಿದೆ. ಸಾಮಾನ್ಯವಾಗಿ ಗೆದ್ದವರಿಗೆ ಖರ್ಚು ಸಿಗಬೇಕು ಎಂಬುದೇ ಅದರ ಧಾಟಿ. ಆದರೆ ತೀರ್ಮಾನ ಕೋರ್ಟಿನದು. ಕೊಡಿಸದಿದ್ದರೆ ಜಡ್ಜ್ ಕಾರಣ ಬರೆಯಬೇಕು. “ಉಭಯ ಪಕ್ಷದವರು ತಮ್ಮ ತಮ್ಮ ಖರ್ಚು ಭರಿಸತಕ್ಕದ್ದು” ಎಂಬ ಸಾಲು ತೀರ್ಪುಗಳಲ್ಲಿ ಅಪರೂಪವೇನಲ್ಲ.

ಕೊಡಿಸಿದರು ಅಂತಲೇ ಇಟ್ಟುಕೊಳ್ಳಿ. ಡಿಕ್ರಿಯ (ತೀರ್ಪಿನ ಮೇಲೆ ಕೋರ್ಟ್ ಹೊರಡಿಸುವ ಅಧಿಕೃತ ಆದೇಶದ) ಕೊನೆಯಲ್ಲಿ ಖರ್ಚಿನ ಪಟ್ಟಿ ಇರುತ್ತದೆ ನೋಡಿ: ಕೋರ್ಟ್ ಫೀ, ವಕಾಲತ್ತಿನ ಸ್ಟ್ಯಾಂಪು, ಸಮನ್ಸ್ ಜಾರಿಯ ಫೀ, ಸಾಕ್ಷಿ ಭತ್ಯೆ, ವಕೀಲರ ಫೀಸು. ಈ ಫೀಸು ನಿಯಮದ ಪ್ರಕಾರ ಲೆಕ್ಕ ಹಾಕಿದ್ದು, ನೀವು ಕೈಯಿಂದ ಕೊಟ್ಟದ್ದಲ್ಲ. ಎರಡರ ನಡುವಿನ ಅಂತರ ಹಲವು ಸಲ ತುಂಬಾ ಜಾಸ್ತಿ.

ಎದುರಾಳಿ ಗೊತ್ತಿದ್ದೂ ಸುಳ್ಳು ದಾವೆ ಹಾಕಿದ್ದರೆ? ಅದಕ್ಕೆ 35ಎ ಕಲಂ ಇದೆ. ಪರಿಹಾರದ ಮಿತಿ 3,000 ರೂಪಾಯಿ! ವರ್ಷಗಟ್ಟಲೆ ಅಲೆದವರಿಗೆ ಇದು ಅವಮಾನವೇ ಸರಿ. ವಾಣಿಜ್ಯ ವ್ಯಾಜ್ಯಗಳಿಗೆ ಮಾತ್ರ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಬೇರೆ ನಿಯಮವಿದೆ. ಅಲ್ಲಿ ಸೋತವರೇ ಕೊಡುವುದು ಸಾಮಾನ್ಯ ನಿಯಮ, ವಕೀಲರ ಫೀಸೂ ಸೇರುತ್ತದೆ. ಫಾರ್ವರ್ಡ್ ಮಾಡಿದವರು ಇದನ್ನೇ ಎಲ್ಲ ಕೇಸಿಗೂ ಅಂಟಿಸಿರಬಹುದು.

ಇನ್ನೊಂದು ಮಾತು. ಖರ್ಚಿಗೆ ಡಿಕ್ರಿ ಆದರೂ ದುಡ್ಡು ತಾನಾಗಿ ಬರುವುದಿಲ್ಲ. ಸೋತವರು ಕೊಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಕೋರ್ಟಿಗೆ ಅರ್ಜಿ, ಹಾಕಬೇಕು. ಅದಕ್ಕೂ ಖರ್ಚಿದೆ.