ಅಕ್ಟೋಬರ್ ಬಂತು, ಬಾರ್ ಮೇಲೇರಿತು

ಅಲ್ರೀ, ಮಳೆ ಸರಿಯಾಗಿ ನಿಂತಿಲ್ಲ, ಪುಣೆಯ ಕುದುರೆ ಸವಾರಿ ರಿಂಗ್‌ನಲ್ಲಿ ಆಗಲೇ 1.10 ಮೀಟರ್ ಎತ್ತರದ ಬಾರ್ ಮೇಲೆ ಜಂಪು! ಬೆಳಿಗ್ಗೆ ನೋಡಿದ್ದು, ಸಿಟ್ಟು ಇನ್ನೂ ಇಳಿದಿಲ್ಲ. ಮಳೆಗಾಲವಿಡೀ ಲಾಯದಲ್ಲಿ ನಿಂತ ಕುದುರೆ. ಮೇಲೆ ಕೂತವರ ಸಮರ್ಥನೆ ಏನು ಗೊತ್ತಾ? "ನೋಡಿ, ಏದುಸಿರೇ ಇಲ್ಲ. ಫಿಟ್ ಇದೆ."

ಆ ಏದುಸಿರಿಲ್ಲದ್ದೇ ಮೋಸ. ಕುದುರೆಯ ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್, ಮೂಳೆ, ಇವಕ್ಕೆ ತಿಂಗಳುಗಳೇ ಬೇಕು. ಮುಂಗಾಲಿನ ಮೊಣಕಾಲಿಂದ ಕೆಳಗೆ ಆಘಾತ ತಡೆಯಲು ಮಾಂಸಖಂಡವೇ ಇಲ್ಲ. ಹಾರಿ ಇಳಿಯುವಾಗ ಭಾರವೆಲ್ಲ ಬೀಳುವುದು ಆ ಟೆಂಡನ್‌ಗಳ ಮೇಲೆ. ಅವಕ್ಕೆ ರಕ್ತ ಸಂಚಾರವೂ ಕಡಿಮೆ, ಹಾಗಾಗಿ ಒಮ್ಮೆ ಹರಿದರೆ ಸೀಸನ್ ಮುಗಿದಂತೆ. ಉಸಿರು ಚೆನ್ನಾಗಿರುವ ಕುದುರೆಯೇ ಕಾಲು ಮುರಿದುಕೊಳ್ಳುವುದು, ಯಾಕೆಂದರೆ ಅದನ್ನು ಯಾರೂ ನಿಲ್ಲಿಸುವುದಿಲ್ಲ.

ಮೊದಲ 3 ವಾರ ವಾಕ್. ಬರೀ ವಾಕ್. 20 ನಿಮಿಷದಿಂದ ಶುರುಮಾಡಿ ಒಂದು ಗಂಟೆಗೆ ಏರಿಸಿ. ಕತ್ತು ಚಾಚಿ, ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತು ದಾಟುವ ಹಾಗೆ ಚುರುಕಾಗಿ ನಡೆಯಬೇಕು. ಫೋನ್ ನೋಡುತ್ತಾ ಕೂತರೆ ಅದು ವಾಕ್ ಅಲ್ಲ, ಮೆರವಣಿಗೆ. 4ನೇ ವಾರ 2 ನಿಮಿಷದ ಟ್ರಾಟ್ (ದುಡುಕು ನಡೆ) ಮೂರು ಸಲ, ನಡುವೆ ವಾಕ್. ಆಮೇಲೆ ಕ್ಯಾಂಟರ್, ಅಂದರೆ ನಿಧಾನದ ನಾಗಾಲೋಟ. 6ನೇ ವಾರ ನೆಲದ ಮೇಲಿಟ್ಟ ಪೋಲ್‌ಗಳನ್ನು ದಾಟಿಸಿ: ಟ್ರಾಟ್‌ಗೆ ಸುಮಾರು 1.3 ಮೀಟರ್ ಅಂತರ, ಕ್ಯಾಂಟರ್‌ಗೆ ಸುಮಾರು 3. ಇಷ್ಟಾದ ಮೇಲೆ 60 ಸೆಂಟಿಮೀಟರ್ ಜಂಪು, ಅದೂ ವಾರಕ್ಕೆ ಎರಡು ದಿನ. ಬೇಜಾರಾ? ನನಗೂ ಬೇಜಾರೇ. ಒಂದು ಗಂಟೆ ವಾಕ್ ಮಾಡಿಸುವಷ್ಟು ನಿದ್ದೆ ಬರಿಸುವ ಕೆಲಸ ಇನ್ನೊಂದಿಲ್ಲ.

ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎರಡೂ ಮುಂಗಾಲು ಸವರಿ ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ಬೆಚ್ಚಗಿದ್ದರೆ ಅವತ್ತು ರಜೆ. ಕುದುರೆ ನೋಡಿಕೊಳ್ಳುವ ಸೈಸ್ ಮಾಮಾ "ಜರಾ ಗರಂ ಆಹೆ" (ಸ್ವಲ್ಪ ಬಿಸಿ ಇದೆ) ಅಂದರೆ ನಕ್ಕು ಸುಮ್ಮನಾಗಬೇಡಿ, ಆ ಕಾಲನ್ನು ನಿಮಗಿಂತ ಅವರ ಕೈ ಚೆನ್ನಾಗಿ ಬಲ್ಲದು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44, ಮೈಬಿಸಿ 38.5 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಕೆಲಸ ಮುಗಿದ 10 ನಿಮಿಷಕ್ಕೆ ನಾಡಿ 60ರ ಆಸುಪಾಸಿಗೆ ಇಳಿಯದಿದ್ದರೆ ಅವತ್ತಿನ ಕೆಲಸ ಹೆಚ್ಚಾಯಿತು. ಆದರೆ ಇಳಿಯಿತು ಅಂದಮಾತ್ರಕ್ಕೆ ಕಾಲು ಸಿದ್ಧ ಎಂದಲ್ಲ. ಮತ್ತೆ ಅದೇ ಮಾತಿಗೆ ಬಂದೆ, ಇರಲಿ.

ಮಳೆಗಾಲದ ಇನ್ನೊಂದು ಉಡುಗೊರೆ ಗೊರಸಿನ ಕೊಳೆ. ಗೊರಸಿನಡಿಯ ಮೆತ್ತನೆ ತ್ರಿಕೋನದ ಸೀಳಿನಲ್ಲಿ ಕಪ್ಪಗೆ ನಾರುತ್ತಿದ್ದರೆ ಅದು ಥ್ರಶ್. ಮೊದಲು ಲಾಳ ಕಟ್ಟುವ ನಾಲ್‌ಬಂದ್ ಕೊಳೆತದ್ದನ್ನು ಕತ್ತರಿಸಿ ತೆಗೆಯಲಿ, ನೆಲ ಒಣಗಿರಲಿ, ಔಷಧಿ ಆಮೇಲೆ. ಹಸಿ ಹಾಸಿನ ಮೇಲೆ ನಿಲ್ಲಿಸಿಕೊಂಡು ಏನು ಹಚ್ಚಿದರೂ ದಂಡ. ಲಾಳ 4ರಿಂದ 6 ವಾರಕ್ಕೊಮ್ಮೆ ಬದಲಾಗಬೇಕು. ಸವೆದಿಲ್ಲ ಅಂತ ದೂಡಿದರೆ ಗೊರಸಿನ ಮುಂತುದಿ ಉದ್ದವಾಗಿ ಟೆಂಡನ್ ಮೇಲಿನ ಎಳೆತ ಹೆಚ್ಚುತ್ತದೆ. ಬೆನ್ನಿನ ಮಾಂಸ ಇಳಿದಿರುವುದರಿಂದ ಮಾರ್ಚ್‌ನಲ್ಲಿ ಕೂತಿದ್ದ ಜೀನು ಈಗ ಕೂರುವುದಿಲ್ಲ, ಅದನ್ನೂ ನೋಡಿಸಿ.

ಮೇವಿನಲ್ಲಿ ನಮ್ಮವರ ತಪ್ಪು ಒಂದೇ: ಕೆಲಸಕ್ಕೆ ಮುಂಚೆಯೇ ಕಾಳು ಏರಿಸುವುದು. "ಶಕ್ತಿ ಬರಲಿ" ಅಂತ ಓಟ್ಸ್, ಕಡಲೆ, ಹುರುಳಿ! 500 ಕೆಜಿ ಕುದುರೆಗೆ ದಿನಕ್ಕೆ ಕನಿಷ್ಠ 7.5 ಕೆಜಿ ಒಣಮೇವು ಮೊದಲು. ಕಾಳು ಒಂದು ಹೊತ್ತಿಗೆ 2 ಕೆಜಿ ಮೀರದಿರಲಿ, ರಜೆಯ ದಿನ ಅರ್ಧಕ್ಕಿಳಿಸಿ. ಇಳಿಸದಿದ್ದರೆ ಮರುದಿನ ಕೆಲಸಕ್ಕೆ ಇಳಿದ ಕುದುರೆ ಹಿಂಭಾಗದ ಮಾಂಸಖಂಡ ಬಿಗಿದು, ಬೆವೆತು, ಕಾಫಿ ಬಣ್ಣದ ಮೂತ್ರ ಮಾಡಬಹುದು. ಹಾಗಾದರೆ ನಡೆಸಲೇಬೇಡಿ, ನಿಂತಲ್ಲೇ ವೆಟ್ ಕರೆಸಿ. ಅಕ್ಟೋಬರ್ ಬಿಸಿಲಿಗೆ ಉಪ್ಪು ದಿನಕ್ಕೆ 30 ಗ್ರಾಂ, ಬೆವರಿದರೆ ಇನ್ನೂ ಹೆಚ್ಚು.

"ನಮ್ಮದು ರೇಸಿನಿಂದ ಬಂದ ಥರೋಬ್ರೆಡ್, ಫಿಟ್ ಆಗಿಯೇ ಇರುತ್ತೆ" ಅನ್ನುವವರು ಈಗ ಬರುತ್ತಾರೆ, ಬರಲಿ. ಪುಣೆಯ ರೇಸ್ ಜುಲೈನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ, ಅಲ್ಲಿಂದ ನೇರ ಬಂದ ಕುದುರೆಗೆ ದಮ್ಮಿದೆ, ಒಪ್ಪಿದೆ. ಆದರೆ ಅದು ನೇರ ಓಡಲು ತಯಾರಾದ ಮೈ. 20 ಮೀಟರ್ ವೃತ್ತದಲ್ಲಿ ಬಾಗಿ, ಹಿಂಗಾಲಿನ ಮೇಲೆ ಭಾರ ಹೊರಲು ಅದು ಮೊದಲಿನಿಂದ ಕಲಿಯಬೇಕು. ಹಾಗಾಗಿ ಅದಕ್ಕೆ ಇನ್ನೂ ಹೆಚ್ಚು ವಾಕ್ ಬೇಕು, ಕಡಿಮೆ ಅಲ್ಲ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತಂಡಕ್ಕೆ ಚಿನ್ನ ಬಂದಾಗ, ಅದರಲ್ಲಿ ನಮ್ಮ ಮುಂಬೈ ಹುಡುಗ ಹೃದಯ್ ಛೇಡಾ ಇದ್ದಾನೆ ಅಂತ ಎಲ್ಲರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು. 41 ವರ್ಷದ ನಂತರ ಕುದುರೆ ಸವಾರಿಯಲ್ಲಿ ಬಂದ ಚಿನ್ನ, ಹಾಕಬೇಕಾದ್ದೇ. ಅದು ಬಂದದ್ದು ಕುದುರೆಯ ಹೆಜ್ಜೆ, ಶಿಸ್ತು ನೋಡುವ ಡ್ರೆಸಾಜ್‌ನಲ್ಲಿ ಸ್ವಾಮಿ, ಒಂದು ಬಾರ್ ಕೂಡ ಹಾರದೆ!

ಸ್ಪರ್ಧೆಯ ಎಂಟ್ರಿ ಕೊನೆಯ ದಿನ ಹತ್ತಿರ ಬಂತು ಅನ್ನುವವರಿಗೆ: ಗ್ಲ್ಯಾಂಡರ್ಸ್ ಎಂಬ ಅಂಟುರೋಗದ ರಕ್ತಪರೀಕ್ಷೆಗೆ ಸ್ಯಾಂಪಲ್ ಕಳಿಸಿದ್ದೀರಾ? ಕುದುರೆಯ ಪಾಸ್‌ಪೋರ್ಟ್‌ನಲ್ಲಿ ಫ್ಲೂ ಲಸಿಕೆಯ ದಿನಾಂಕ ನೋಡಿದ್ದೀರಾ? ಇಂಟರ್‌ನ್ಯಾಷನಲ್ ಸ್ಪರ್ಧೆಯಾದರೆ ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ನಿಯಮದಂತೆ ಲಸಿಕೆ ಹಾಕಿ 6 ತಿಂಗಳು 21 ದಿನ ಮೀರಿರಬಾರದು, ಸ್ಪರ್ಧೆಯ ಜಾಗಕ್ಕೆ ಬಂದಿಳಿಯುವ ಹಿಂದಿನ 7 ದಿನದೊಳಗೆ ಹಾಕಿಸಿರಲೂಬಾರದು. ಅವಸರವಿದ್ದರೆ ಅದರಲ್ಲಿ ತೋರಿಸಿ. ಬಾರ್ ಇಳಿಸಿ, ವಾಕ್ ಮಾಡಿಸಿ.