ಸತ್ಯಾಂಶ: ಸಿನಿಮಾದ ಡಾಕ್ಟರು ಮತ್ತು ದಡಾರದ ಲಸಿಕೆ

ವಿಜಯಪುರದ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಬರುವ ಮೆಸೇಜ್ ಇದು: ದಡಾರದ ಎಂಎಂಆರ್ ಲಸಿಕೆಯಿಂದ ಆಟಿಸಂ (ಮಗುವಿನ ಮಾತು, ಬೆರೆಯುವಿಕೆಯಲ್ಲಿ ಕಾಣುವ ಬೆಳವಣಿಗೆಯ ತೊಂದರೆ) ಬರುತ್ತೆ, ಹಾಗೆ ಹೇಳಿದ ಬ್ರಿಟಿಷ್ ಡಾಕ್ಟರ ಬಾಯಿ ಮುಚ್ಚಿಸಿದರು, ಬೇಕಿದ್ರೆ ಅವರ ಸಿನಿಮಾ ನೋಡಿ.

ಇದು ತಪ್ಪು. ಆ ಡಾಕ್ಟರು, ಆಂಡ್ರ್ಯೂ ವೇಕ್‌ಫೀಲ್ಡ್, 1998ರಲ್ಲಿ ಬರೆದ ಲೇಖನದಲ್ಲಿ ಇದ್ದದ್ದು ಬರೀ 12 ಮಕ್ಕಳು. ಲಸಿಕೆ ಹಾಕಿಸದ ಮಕ್ಕಳ ಜೊತೆ ಹೋಲಿಸಿಯೇ ಇರಲಿಲ್ಲ. 2010ರಲ್ಲಿ ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಡೆನ್ಮಾರ್ಕಿನ 6.5 ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲೂ ಇಂಥ ನಂಟು ಕಾಣಲಿಲ್ಲ.

ಮೆಸೇಜ್ ಕಳಿಸುವವರಿಗೆ ಮಗುವಿನ ಚಿಂತೆ, ಅಷ್ಟೇ. ಲಸಿಕೆ ಹಾಕಿಸುವ ವಯಸ್ಸಿನ ಆಸುಪಾಸಿನಲ್ಲೇ ಆಟಿಸಂ ಲಕ್ಷಣಗಳೂ ಕಣ್ಣಿಗೆ ಬೀಳುತ್ತವೆ. ಅನುಮಾನ ಬರೋದು ಸಹಜ ಅಲ್ವಾ?

ಸಿನಿಮಾ ಬಿಟ್ಟು ಮೂಲ ಲೇಖನವನ್ನೇ ಹುಡುಕಿ ನೋಡಿ. ಪುಟದ ಮೇಲೆ ‘ರಿಟ್ರಾಕ್ಟೆಡ್’ (ಹಿಂಪಡೆಯಲಾಗಿದೆ) ಎಂದು ಕೆಂಪಕ್ಷರದಲ್ಲಿ ದಪ್ಪಗೆ ಹೊಡೆದಿದೆ. ಲಸಿಕೆ ಬಗ್ಗೆ ಇನ್ನೂ ಅಳುಕಿದ್ದರೆ ಮಗುವಿನ ಲಸಿಕೆ ಕಾರ್ಡ್ ಹಿಡಿದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ.